ಕಡೇ ಪಂಕ್ತಿಯ ಎಲೆ

ಬನ್ನಿ ಬನ್ನಿ, ಹತ್ರ ಕೂತ್ಕೊಳ್ಳಿ. ಕಾಲು ನೀಡ್ಕೊಂಡಿರೋರು ಮಡಚ್ಕೊಳ್ಳಿ, ಹಿಂದಿನೋರಿಗೂ ಜಾಗ ಬೇಡ್ವಾ? ನಾನು ಹೇಳ್ತಾ ಹೋಗ್ತೀನಿ, ನೀವು ಹೂಂ ಅಂತಾ ಇರಿ. ಹೂಂ ನಿಂತ್ರೆ ಕತೇನೂ ನಿಲ್ತದೆ, ಆಮೇಲೆ ನನ್ನ ಬೈಬೇಡಿ.

ಏಳು ಗುಡ್ಡದಾಚೆ, ಏಳು ಹಳ್ಳದೀಚೆ ಒಂದೂರು. ಊರಿಗೊಂದು ಕೆರೆ. ಕೆರೆ ಏರಿ ಮೇಲೊಂದು ಹೊಂಗೆ ಮರ. ಮರದ ಕೆಳಗೊಂದು ಪಾಠಶಾಲೆ. ಪಾಠಶಾಲೆ ಅಂದ್ರೆ ಏನ್ ಮಹಾ? ಒಬ್ರು ಮೇಷ್ಟ್ರು, ಒಂಬತ್ತು ಮಕ್ಕಳು, ಬೆರಳಲ್ಲಿ ಬರೆಯೋಕೆ ಒಂದಿಷ್ಟು ಮರಳು. ಅಷ್ಟೆ. ಮೇಷ್ಟ್ರ ಹೆಸರು ಪುಟ್ಟಮಲ್ಲಯ್ಯ. ಬಲು ಒಳ್ಳೇರು, ಆದ್ರೆ ಪುಕ್ಕಲು. ಗುಡುಗು ಬಂದ್ರೆ ಬೆಚ್ಚೋರು. ಗೌಡ್ರು ಕೆಮ್ಮಿದ್ರೆ ಬೆಚ್ಚೋರು. ಎಮ್ಮೆ ತಿರುಗಿ ನೋಡಿದ್ರೂ ಬೆಚ್ಚೋರು.

ಇಂಥಾ ಮೇಷ್ಟ್ರ ಎದುರಿಗೆ ಒಂದಿನ ಯಾರು ಬಂದು ನಿಂತ್ರು ಅಂತೀರಿ? ಆ ಸೀಮೆ ದೊರೆ! ಹಿಂದೆ ಮಂತ್ರಿ. ಮಂತ್ರಿ ಹಿಂದೆ ಹತ್ತು ಎತ್ತಿನ ಗಾಡಿ. ಗಾಡಿ ತುಂಬಾ ಸುಣ್ಣ.

ದೊರೆ ಕೆರೇಲಿ ಬಗ್ಗಿ ನೋಡಿದ. ಮುಖ ಕಾಣ್ಲಿಲ್ಲ, ಹಸಿರು ಪಾಚಿ ಕಾಣ್ತು.

"ಇಲ್ಲೊಂದು ಮಂಟಪ ಕಟ್ಟಿಸ್ತೀನಿ. ಕೂತು ನೋಡಿದ್ರೆ ನನ್ನ ಮುಖ ಕನ್ನಡೀಲಿ ಕಂಡ ಹಾಗೆ ಕಾಣ್ಬೇಕು. ಸುರೀರಿ ಸುಣ್ಣ. ಪಾಚಿ, ಹುಳ, ಕೆಸರು, ಎಲ್ಲ ಸಾಯ್ಲಿ, ನೀರು ತಿಳಿಯಾಗ್ಲಿ" ಅಂದ.

ಊರಿಗೆ ಊರೇ ಕುಡಿಯೋ ನೀರು ಅದು. ಯಾರಾದ್ರೂ ಬಾಯಿ ಬಿಟ್ರಾ? ಇಲ್ಲ. ಗೌಡ್ರು ನೆಲ ನೋಡಿದ್ರು. ಶಾನುಭೋಗ್ರು ಆಕಾಶ ನೋಡಿದ್ರು. ಆಗ ಎಲ್ಲಿಂದ ಬಂತೋ ಧೈರ್ಯ, ಪುಟ್ಟಮಲ್ಲಯ್ಯ ಮೇಷ್ಟ್ರ ಬಾಯಿಂದ ಒಂದು ಮಾತು ಜಾರಿಬಿಡ್ತು.

"ಬುದ್ಧೀ, ಕೆರೇಲಿ ಬಿಟ್ಟಿ ಕೂತು ತಿನ್ನೋರು ಯಾರೂ ಇಲ್ಲ. ಒಬ್ಬೊಬ್ರಿಗೂ ಒಂದೊಂದು ಜಾಗ ಐತೆ, ಒಂದೊಂದು ಕೆಲಸ ಐತೆ. ನನ್ನ ಮಕ್ಕಳಿಗೂ ಅದನ್ನೇ ಕಲಿಸ್ತಾ ಇದೀನಿ."

ಅಂದ ಮೇಲೆ ಮೇಷ್ಟ್ರಿಗೇ ಗಾಬರಿ. ಅಯ್ಯೋ, ಇದನ್ನ ಅಂದೋನು ನಾನೇನಾ ಅಂತ.

ದೊರೆ ಮೀಸೆ ತಿರುವಿದ. "ಹಾಗಾ? ಮೂರು ದಿನ ಟೈಮು ಕೊಟ್ಟಿದೀನಿ. ನಿನ್ನ ಮಕ್ಕಳ ಬಾಯಲ್ಲೇ ಹೇಳಿಸು. ಎಲ್ಲರ ಕೆಲಸ ತೋರಿಸಿದ್ರೆ ಗಾಡಿ ವಾಪಸ್ಸು. ಒಂದೇ ಒಂದು ಜೀವಕ್ಕೆ ಕೆಲಸ ಇಲ್ಲ ಅಂತ ಆಯ್ತೋ, ಹತ್ತು ಗಾಡಿ ಸುಣ್ಣಾನೂ ಕೆರೆಗೆ. ಮೊದಲ ಮಂಕರಿ ಸುರಿಯೋನು ನೀನೇ."

ಕೇಳಿದ್ರಾ? ಬೇರೆ ಯಾರೂ ಅಲ್ಲ, ಮೇಷ್ಟ್ರೇ ಸುರೀಬೇಕು.

ಗಾಡಿಗಳು ಏರಿ ಮೇಲೇ ನಿಂತ್ವು. ಎತ್ತು ಬಿಚ್ಚಿ ಮೇಯೋಕೆ ಬಿಟ್ರು. ಮೇಷ್ಟ್ರು ಎತ್ತ ತಿರುಗಿದ್ರೂ ಕಣ್ಣಿಗೆ ಬೀಳೋದು ಆ ಬಿಳೀ ಗುಡ್ಡೆಗಳೇ.

ಮೊದಲನೇ ದಿನ ಮಕ್ಕಳನ್ನೆಲ್ಲ ಕೆರೆ ದಡಕ್ಕೆ ಅಟ್ಟಿದ್ರು. "ಹೋಗ್ರೋ, ಯಾರ್ಯಾರು ಏನೇನು ತಿಂತಾರೆ ನೋಡ್ಕೊಂಡು ಬನ್ರೋ." ಮಕ್ಕಳು ಹೋದ್ರು, ಸಂಜೇವರೆಗೂ ನೋಡಿದ್ರು, ಬಂದ್ರು. ಹದ್ದು ಹಾವನ್ನ ಹಿಡೀತು ಅಂತ ಒಬ್ಬ. ಕೊಕ್ಕರೆ ಮೀನು ನುಂಗ್ತು ಅಂತ ಇನ್ನೊಬ್ಳು. ಕಡೇಗೆ ಬಂದೋಳು ಚಿಕ್ಕತಾಯಿ. ಊರ ಊಟಕ್ಕೆಲ್ಲ ಅಡುಗೆ ಮಾಡೋ ಮಾದೇವಿ ಮಗಳು.

"ಮೇಷ್ಟ್ರೇ, ಬಿಸಿಲು ಬಿದ್ದಾಗ ಪಾಚಿ ಒಳಗಿಂದ ಗುಳುಗುಳು ಅಂತ ಗುಳ್ಳೆ ಏಳ್ತದೆ. ಮೋಡ ಬಂದ್ರೆ ನಿಂತೋಗ್ತದೆ. ನಮ್ಮವ್ವ ಒಲೆಗೆ ಸೌದೆ ತಳ್ಳಿದಾಗ ಅನ್ನ ಕುದಿಯಲ್ವಾ, ಹಂಗೇಯ."

ಅವಳ ಹಿಂದಿಂದ ಮಾರ ಇಣುಕಿದ. ಪಂಕ್ತಿ ಎದ್ದ ಮೇಲೆ ಎಲೆ ಎತ್ತೋ ಸಿದ್ದನ ಮಗ ಅವನು. "ಕೆಸರಲ್ಲಿ ಹುಳ ಅವೆ ಮೇಷ್ಟ್ರೇ. ಉದುರಿದ ಹೊಂಗೆ ಎಲೇನ ತಿಂದು ತಿಂದು ಬರೀ ನರ ಉಳಿಸಿದ್ವು" ಅಂದ.

ಮೇಷ್ಟ್ರ ಕಿವಿ ಎಲ್ಲಿತ್ತು? ಅವರ ಕಣ್ಣೆಲ್ಲ ಗಾಡಿ ಮೇಲೆ. "ಅದೆಲ್ಲ ಈಗ ಬ್ಯಾಡ ಕಣ್ರೋ! ಹೆಸರು ಬಾಯಿಪಾಠ ಮಾಡಿ, ಸಾಕು" ಅಂತ ಗದರಿಬಿಟ್ರು. ಮಕ್ಕಳ ಮುಖ ಬಾಡಿತು. ಆ ಮುಖ ನೋಡಿ ಅವರಿಗೂ ಸಂಕಟವೇ ಆಯ್ತು, ಆದ್ರೆ ಭಯ ಅದಕ್ಕಿಂತ ದೊಡ್ಡದಿತ್ತು.

ಎರಡನೇ ದಿನ. ಹೆಸರು ಬಂತು, ಆದ್ರೆ ಜಾಗ ಹೇಳೋದು ಹೇಗೆ? ಮೇಷ್ಟ್ರು ತಲೆ ಕೆರ್ಕೊಂಡ್ರು, ಅತ್ತ ನಡೆದ್ರು, ಇತ್ತ ನಡೆದ್ರು. ಆಗ ಹೊಳೀತು. ಊರ ಊಟ! ಆ ಊರಲ್ಲಿ ಊಟಕ್ಕೆ ಕೂರೋದು ಪಂಕ್ತಿ ಪ್ರಕಾರ. ಮೊದಲ ಪಂಕ್ತೀಲಿ ಗೌಡ್ರು, ಶಾನುಭೋಗ್ರು, ಮೇಷ್ಟ್ರು. ಎರಡನೇದ್ರಲ್ಲಿ ನೆಂಟರು. ಮೂರನೇದ್ರಲ್ಲಿ ಊರ ಜನ. ಆಮೇಲೆ ಕಡೇ ಪಂಕ್ತಿ. ಕೆರೇನೂ ಹಾಗೇ ಕೂರಿಸಿದ್ರೆ? ಮಕ್ಕಳಿಗೂ ತಿಳೀತದೆ, ದೊರೆಗೂ ತಿಳೀತದೆ!

ಮೊದಲ ಪಂಕ್ತಿಗೆ ಹದ್ದು, ನೀರುನಾಯಿ. ಎರಡನೇದಕ್ಕೆ ಹಾವು, ಕೊಕ್ಕರೆ. ಮೂರನೇದಕ್ಕೆ ಕಪ್ಪೆ, ಮೀನು, ನೀರುಹುಳ. ಹದ್ದು ಆಗೋಕೆ ಜಗಳ, ನೀರುನಾಯಿ ಆಗೋಕೆ ಜಗಳ. ಗೌಡ್ರ ಮಗ ಅತ್ತು ಕರೆದು ಹದ್ದಾದ. ಪಾಚಿ ಆಗೋಕೆ ಯಾರು ಬರ್ತಾರೆ? ಕೆಸರುಹುಳ ಆಗೋಕೆ ಯಾರು ಬರ್ತಾರೆ? ಯಾರೂ ಇಲ್ಲ. ಅವ್ವನ ಜೊತೆ ಬೆಳ್ಳುಳ್ಳಿ ಬಿಡಿಸಿ ತಡವಾಗಿ ಬಂದ ಚಿಕ್ಕತಾಯಿಗೆ ಪಾಚಿ ಉಳೀತು. ಅಪ್ಪನ ಜೊತೆ ಅಂಗಳ ಗುಡಿಸಿ ತಡವಾಗಿ ಬಂದ ಮಾರನಿಗೆ ಕೆಸರುಹುಳ ಉಳೀತು. ಇಬ್ರೂ ಹೋಗಿ ಕಡೇ ಪಂಕ್ತೀಲಿ ಕೂತ್ರು.

ಮೂರನೇ ದಿನ ಬಂದೇ ಬಿಡ್ತು. ಬರಬೇಡ ಅಂದ್ರೆ ದಿನ ನಿಲ್ತದಾ?

ದೊರೆ ಬಂದ. ದೊರೆ ಬರ್ತಾನೆ ಅಂತ ಊರೋರು ಊಟ ಇಟ್ಕೊಂಡಿದ್ರು. ಹೊಂಗೆ ಮರದ ಆಚೆ ಒಲೆ ಉರೀತಿತ್ತು, ಗುಡಾಣದಂಥಾ ಪಾತ್ರೇಲಿ ಅನ್ನ ಬೇಯ್ತಿತ್ತು. ಈಚೆ ಒಂಬತ್ತು ಮಕ್ಕಳು ನಾಲ್ಕು ಸಾಲಲ್ಲಿ. ಮೇಷ್ಟ್ರು ಸಾಲುಗಳನ್ನ ಎಣಿಸಿದ್ದೇ ಎಣಿಸಿದ್ದು.

ಹದ್ದು ಎದ್ದು ನಿಂತಿತು. "ನಾನು ಹಾವು ಹಿಡೀತೀನಿ ಬುದ್ಧೀ." ದೊರೆ ತಲೆ ಆಡಿಸಿದ. ಮೇಷ್ಟ್ರು ಉಸಿರು ಬಿಟ್ರು.

ಹಾವು ಎದ್ದು ನಿಂತಿತು. "ನಾನು ಕಪ್ಪೆ ಹಿಡೀತೀನಿ ಬುದ್ಧೀ. ನಾನಿಲ್ದಿದ್ರೆ ಊರೆಲ್ಲ ಕಪ್ಪೆ." ದೊರೆ ತಲೆ ಆಡಿಸಿದ. ಮೇಷ್ಟ್ರು ಉಸಿರು ಬಿಟ್ರು.

ಕಪ್ಪೆ ಎದ್ದು ನಿಂತಿತು. "ನಾನು ಸೊಳ್ಳೆ ಹಿಡೀತೀನಿ ಬುದ್ಧೀ. ನಾನಿಲ್ದಿದ್ರೆ ನಿಮಗೆ ನಿದ್ದೆ ಇಲ್ಲ." ದೊರೆ ನಕ್ಕ. ಮೇಷ್ಟ್ರು ಕೂಡ ಸ್ವಲ್ಪ ನಕ್ರು.

ನಗಬಾರದಿತ್ತು. ಮಂತ್ರಿ ಇದ್ನಲ್ಲ, ಅವನು ಮುಂದೆ ಬಂದ.

"ಮೇಷ್ಟ್ರೇ, ಆ ಕೊನೇಲಿ ಕೂತೋರು ಯಾರು?"

"ಪಾಚಿ... ಕೆಸರುಹುಳ..."

"ಯಾವ ಪಂಕ್ತಿ?"

"ಕಡೇ ಪಂಕ್ತಿ ಸ್ವಾಮಿ."

"ನಿಮ್ಮ ಊರ ಊಟದ ಕಡೇ ಪಂಕ್ತೀಲಿ ಕೂರೋರು ಏನು ತಿಂತಾರೆ?"

"ಉಳಿದಿದ್ದು ಬಳಿದಿದ್ದು..."

"ದೊರೆಗಳೇ, ಮೇಷ್ಟ್ರ ಬಾಯಲ್ಲೇ ಬಂತು! ಉಳಿದಿದ್ದು ಬಳಿದಿದ್ದು ತಿನ್ನೋರು. ಇದ್ರೆಷ್ಟು, ಬಿಟ್ರೆಷ್ಟು? ಸುಣ್ಣ ಬಿದ್ರೆ ಸಾಯೋರೂ ಇವರೇ ತಾನೆ?"

ಮೇಷ್ಟ್ರು ತಮಗೆ ತಾವೇ ಅಂದ್ಕೊಂಡ್ರು, ಏನು ಮಾಡಿಬಿಟ್ಟೆ ನಾನು? ಪಂಕ್ತಿ ಹಾಕಿದೋನು ನಾನೇ, ಅವರನ್ನ ಕೊನೇಲಿ ಕೂರಿಸಿದೋನೂ ನಾನೇ. ಮೂವತ್ತು ವರ್ಷ ಮೊದಲ ಪಂಕ್ತೀಲಿ ಉಂಡು, ಕೈ ತೊಳ್ಕೊಂಡು, ಎಲೆ ಅಡಿಕೆ ಹಾಕ್ಕೊಂಡು ಮನೆಗೆ ಹೋದೋರು ಈ ಮೇಷ್ಟ್ರು. ಕಡೇ ಪಂಕ್ತಿ ಹೆಂಗಿರ್ತದೆ ಅಂತ ಒಂದಿನ ನಿಂತು ನೋಡಿದ್ರಾ? ಈಗ ಉತ್ತರ ಎಲ್ಲಿಂದ ಬರಬೇಕು?

ದೊರೆ ಕೈ ಎತ್ತಿದ. ಆಳುಗಳು ಸುಣ್ಣದ ಮಂಕರಿ ತಂದು ಮೇಷ್ಟ್ರ ಕೈಗೆ ಕೊಟ್ರು. ಬೆವರಿದ ಕೈಗೆ ಸುಣ್ಣ ತಾಗಿ ಚುರುಚುರು ಅಂತು. ಒಂದು ಹೆಜ್ಜೆ ಇಟ್ರು. ಎರಡು ಹೆಜ್ಜೆ ಇಟ್ರು. ಮೂರನೇದು ಇಡೋಕೆ ಕಾಲು ಏಳ್ಲಿಲ್ಲ.

"ಬುದ್ಧೀ!" ಅಂತ ಕಡೇ ಪಂಕ್ತಿಯಿಂದ ಒಂದು ಸಣ್ಣ ಧ್ವನಿ. ಚಿಕ್ಕತಾಯಿ ಎದ್ದು ನಿಂತಿದ್ಳು. "ಈಗ ಸುರಿದ್ರೆ ಧೂಳೆದ್ದು ಅನ್ನಕ್ಕೆ ಬೀಳ್ತದೆ. ಊಟ ಆದ್ಮೇಲೆ ಸುರೀಲಿ."

ದೊರೆಗೆ ಹಸಿವಾಗಿತ್ತು. "ಸರಿ" ಅಂದ.

"ಇನ್ನೊಂದು ಮಾತು ಬುದ್ಧೀ. ಕೆರೇಲಿ ಕಡೇ ಪಂಕ್ತಿ ಬ್ಯಾಡ ಅಂದ್ರಿ. ಇವತ್ತಿನ ಊಟದಲ್ಲೂ ಕಡೇ ಪಂಕ್ತಿಯೋರು ಬ್ಯಾಡ್ವಾ?"

ಮೇಷ್ಟ್ರು ಸುಮ್ನಿರು ತಾಯೀ, ತಲೆ ಹೋಗ್ತದೆ ಅಂತ ಕಣ್ಣಲ್ಲೇ ಬೇಡ್ಕೊಂಡ್ರು. ಅವಳು ಈ ಕಡೆ ನೋಡಿದ್ರೆ ತಾನೆ!

ದೊರೆ ನಕ್ಕ. "ಉಳಿದಿದ್ದು ತಿನ್ನೋರು ತಾನೆ? ಬೇಡ, ಹೋಗ್ಲಿ."

ಚಿಕ್ಕತಾಯಿ ಒಲೆ ಕಡೆ ತಿರುಗಿ ಕೂಗಿದ್ಳು. "ಅವ್ವೋ! ಸಿದ್ದಣ್ಣೋ! ಕಡೇ ಪಂಕ್ತಿಯೋರು ಬ್ಯಾಡವಂತೆ. ನಡೀರಿ ಮನೆಗೆ!"

ಬೇಯಿಸಿ, ಬಡಿಸಿ, ಕಡೇ ಪಂಕ್ತೀಲಿ ಉಣ್ಣೋರು ಇವರೇ ಅಲ್ವಾ? ಮಾದೇವಿ ಸೌಟು ಇಟ್ಳು. ತರಕಾರಿ ಹೆಚ್ಚೋರು ಈಳಿಗೆ ಮಡಚಿದ್ರು. ನೀರು ಹೊರೋರು ಕೊಡ ಇಳಿಸಿದ್ರು. ಸಿದ್ದ ಪೊರಕೆ ಒರಗಿಸಿದ. ದೊರೆ ಅಪ್ಪಣೆ, ಮೀರೋಕಾಗ್ತದಾ? ಎಲ್ಲ ಹೊರಟೇ ಹೋದ್ರು.

ದೊರೆ ಹೋಗಿ ಮಣೆ ಮೇಲೆ ಕೂತ. ಮುಂದೆ ಬಾಳೆ ಎಲೆ. ಎಲೆ ಮೇಲೆ ಏನಿತ್ತು? ಏನೂ ಇಲ್ಲ.

"ಬಡಿಸ್ರಿ" ಅಂದ. ಯಾರೂ ಬರ್ಲಿಲ್ಲ.

"ಯಾರಲ್ಲಿ, ಬಡಿಸ್ರಿ!" ಅಂದ. ಗಾಳಿ ಬಂದು ಎಲೆ ಮಗುಚ್ತು.

"ಅನ್ನ ತನ್ನಿ!" ಅಂತ ಗುಡುಗಿದ. ಅನ್ನ ಬರ್ಲಿಲ್ಲ, ಸೀದ ವಾಸನೆ ಬಂತು. ಮಂತ್ರಿ ಓಡಿದ. ಗಂಜಿ ಬಸಿಯೋಕೆ ಹೋಗಿ ಪಾತ್ರೆಗೆ ಕೈ ಹಚ್ಚಿ, ಅಯ್ಯಪ್ಪಾ ಅಂತ ಕುಣಿಯೋಕೆ ಹತ್ತಿದ. ಮೊದಲ ಪಂಕ್ತಿ ಗೌಡ್ರಿಗೆ ಬಸಿಯೋಕೆ ಬರ್ತದಾ? ಶಾನುಭೋಗ್ರಿಗೆ ಬರ್ತದಾ? ನೆಂಟರಿಗೆ ಬರ್ತದಾ?

ದೊರೆ ಮಣೆ ಬಿಟ್ಟು ಎದ್ದ. ನೆಟ್ಟಗೆ ಚಿಕ್ಕತಾಯಿ ಹತ್ರ ಬಂದ. ಮೇಷ್ಟ್ರಿಗೆ ಇನ್ನು ತಡೀಲಿಲ್ಲ. ಎಮ್ಮೆಗೆ ಬೆಚ್ಚೋ ಮನುಷ್ಯ ಮಂಕರಿ ಕೆಳಗಿಟ್ಟು ಓಡಿ ಬಂದು ಹುಡುಗಿ ಮುಂದೆ ಅಡ್ಡ ನಿಂತು, "ತಪ್ಪು ನಂದು ಬುದ್ಧೀ, ಮಗೂದಲ್ಲ" ಅಂದ್ರು. ಅಲ್ಲಿಂದ ಜರುಗಲಿಲ್ಲ.

ದೊರೆ ಅವರ ಭುಜದ ಮೇಲಿಂದ ಬಗ್ಗಿ ಕೇಳ್ದ. "ಯಾರಮ್ಮ ನೀನು?"

"ನಾನು ಪಾಚಿ ಬುದ್ಧೀ. ಬಿಸಿಲಲ್ಲಿ ಕೂತು ಇಡೀ ಕೆರೆಗೆ ಅಡುಗೆ ಮಾಡ್ತೀನಿ. ನನ್ನ ತಿಂದು ನೀರುಹುಳ, ಅದನ್ನ ತಿಂದು ಮೀನು, ಮೀನು ತಿಂದು ಕೊಕ್ಕರೆ. ಮೊದಲ ಪಂಕ್ತಿ ಹದ್ದಿನ ಹೊಟ್ಟೇಲಿರೋದೂ ನನ್ನ ಅಡುಗೇನೇಯ. ಇವನು ಕೆಸರುಹುಳ. ಎಲ್ಲರ ಎಂಜಲೆಲೆ ಎತ್ತಿ, ಅರೆದು ಗೊಬ್ಬರ ಮಾಡಿ, ತಿರುಗಿ ನನ್ನ ಒಲೆಗೆ ಹಾಕ್ತಾನೆ. ನಾವು ಕಡೇಲಿ ಉಣ್ತೀವಿ. ಯಾಕಂದ್ರೆ ಮೊದಲು ಬಡಿಸೋರು ನಾವೇ."

ದೊರೆ ತಿರುಗಿ ತನ್ನ ಬರೀ ಎಲೆ ನೋಡ್ದ, ಕೆರೆ ನೋಡ್ದ. ಬಿಸಿಲು ಚೆನ್ನಾಗಿ ಬಿದ್ದಿತ್ತು, ಪಾಚಿ ಗುಳುಗುಳು ಅಂತಿತ್ತು.

"ಗಾಡಿ ಕಟ್ರಿ. ಆ ಸುಣ್ಣ ಒಯ್ದು ಅರಮನೆ ಗೋಡೆಗೆ ಬಳೀರಿ" ಅಂದ. ಆಮೇಲೆ ದನಿ ತಗ್ಗಿಸಿ, "ನಿಮ್ಮವ್ವನ್ನ ಕರೀತೀಯಾ ತಾಯೀ? ಹೊಟ್ಟೆ ಹಸೀತಿದೆ" ಅಂದ.

ಮಾದೇವಿ ಬಂದ್ಳು. ತಳ ಸೀದ ಅನ್ನಾನ ಮೇಲೆ ಮೇಲೆ ತೆಗೆದು ಬಡಿಸಿದ್ಳು. ಮಂಟಪ ಏನಾಯ್ತು ಅಂತೀರಾ? ಅದನ್ನ ಕೇಳಬೇಡಿ, ಅದು ಏಳ್ಲೇ ಇಲ್ಲ.

ಗೌಡ್ರು ಕರೆದ್ರು, "ಮೇಷ್ಟ್ರೇ, ಬನ್ನಿ ಮೊದಲ ಪಂಕ್ತಿಗೆ" ಅಂತ. ಮೇಷ್ಟ್ರು ಹೋಗ್ಲಿಲ್ಲ. ಸುಣ್ಣ ಹತ್ತಿದ ಕೈಯನ್ನ ಕೆರೇಲಿ ತೊಳೀಲಿಲ್ಲ, ಪಂಚೆಗೆ ಒರೆಸ್ಕೊಂಡ್ರು. ಮೂರು ಪಂಕ್ತಿ ಏಳೋವರೆಗೂ ಸೌಟು ಹಿಡಿದು ಬಡಿಸಿದ್ರು. ಚೆಲ್ಲಿದ್ರು, ಬೈಸ್ಕೊಂಡ್ರು, ಬಿಡ್ಲಿಲ್ಲ. ಕಡೇ ಪಂಕ್ತಿ ಕೂತಾಗ ಚಿಕ್ಕತಾಯಿ ಒಂದು ಕಡೆ, ಮಾರ ಒಂದು ಕಡೆ, ನಡುವೆ ತಾವು ಕೂತ್ರು. ಉಳಿದಿದ್ದು ಸೀದ ಅನ್ನ. ಒಂದು ತುತ್ತು ಬಾಯಿಗಿಟ್ಟಾಗ ಕಣ್ಣಲ್ಲಿ ನೀರು ಬಂತು.

"ಖಾರ ಆಯ್ತಾ ಮೇಷ್ಟ್ರೇ?" ಅಂತ ಮಾರ ಕೇಳ್ದ.

"ಇಲ್ಲ ಕಣಪ್ಪ. ಅವತ್ತು ಕೆಸರಲ್ಲಿ ಏನು ನೋಡ್ದೆ ಅಂದೆ? ಇನ್ನೊಂದು ಸಲ ಹೇಳು. ಈಗ ಕೇಳ್ತೀನಿ" ಅಂದ್ರು ಮೇಷ್ಟ್ರು.

ಅವರು ಅಲ್ಲಿ ಉಂಡ್ರು, ನಾವು ಇಲ್ಲಿ ಕತೆ ಉಂಡ್ವಿ. ಹೂಂ ಅಂದೋರ ಹೊಟ್ಟೆ ತಣ್ಣಗಿರ್ಲಿ. ಏಳಿ ಇನ್ನು. ಏಳೋವಾಗ ನಿಮ್ಮ ನಿಮ್ಮ ಎಲೆ ಮಾತ್ರ ನೀವೇ ಎತ್ತಿ.