ಟಗರಿನ ಬೆಟ್ಟಕ್ಕೆ ಹಗುರ ಚೀಲ

...ಅಯ್ಯೋ ಮಾರಾಯ, ಆ ಹಳೇ ಚೀಲ ಕೆಳಗಿಡು ಅಂದೆ! ನನ್ನ ಮಾತು ಪೂರ್ತಿ ಕೇಳು ಮೊದ್ಲು. ಅದು ಖಾಲಿ ಇದ್ದಾಗಲೇ ಏಳೂವರೆ ಪೌಂಡು. ಏಳೂವರೆ! ಒಳಗೆ ಇನ್ನೂ ಒಂದು ಕಾಲುಚೀಲ ಹಾಕಿಲ್ಲ, ಆಗಲೇ ಬೆನ್ನ ಮೇಲೆ ಕೂಸು ಕೂತಂಗೆ. ನಿಮ್ಮಕ್ಕ ಫೋನಲ್ಲಿ ಏನಂದ್ಳು ನಿಂಗೆ? 'ಲೈಲ್, ನಿಮ್ಮ ಭಾವನ ಮೊಣಕಾಲು ಹೋಗಿದೆ, ಈ ಸಲ ಬೆಟ್ಟಕ್ಕೆ ಬಿಡಬೇಡ' ಅಂತ ತಾನೆ? ಗೊತ್ತು ಬಿಡು. ಆರ್ಡಿತ್ ಜೊತೆ ಇಷ್ಟು ವರ್ಷ ಸಂಸಾರ ಮಾಡಿ ಅಷ್ಟೂ ಗೊತ್ತಾಗಲ್ವಾ! ಸರಿ. ಮೊಣಕಾಲು ಹೋಗಿದೆ. ಒಪ್ಕೊಂಡೆ. ಅದಕ್ಕೇ ಅಲ್ವಾ ಈ ಹೊಸ ಚೀಲ ತಂದಿರೋದು? ಕಾಲು ಸೋತ್ರೆ ಭಾರ ಇಳಿಸು. ಕತ್ತೆಗೂ ಗೊತ್ತಿರೋ ಲೆಕ್ಕ ಇದು.

ಕೂತ್ಕೋ. ಆ ಪೆಟ್ಟಿಗೆ ಮೇಲೆ ಕೂತ್ಕೋ. ನಿಮ್ಮಕ್ಕ ಚರ್ಚಲ್ಲಿ ಹಣ್ಣಿನ ಪೈ ಮಾರೋಕೆ ಹೋಗಿದ್ದಾಳೆ. ಅವಳು ವಾಪಸ್ ಬರೋದ್ರೊಳಗೆ ನೀನು ಹೂಂ ಅನ್ಬೇಕು. ಅವಳು ಬಂದ್ಳೋ ಮುಗೀತು ಕಥೆ, ಅಕ್ಕ ತಮ್ಮ ಇಬ್ರೂ ಸೇರ್ಕೊಂಡು ನನ್ನನ್ನ ಸೋಫಾ ಮೇಲೆ ಕೂರಿಸಿ ಕಂಬಳಿ ಹೊದಿಸ್ತೀರಿ. ನಾಡಿದ್ದು ಬೇಟೆ ಶುರು ಲೈಲ್. ನಾಡಿದ್ದು! ಮೀಸೆ ಮೂಡಿದಾಗಿಂದ ಪರವಾನಗಿಗೆ ವರ್ಷ ವರ್ಷ ಅರ್ಜಿ ಹಾಕಿದೀನಿ, ವರ್ಷ ವರ್ಷ ಲಾಟರಿ ಎತ್ತಿದಾರೆ, ವರ್ಷ ವರ್ಷ ಬೇರೆ ಯಾವನಿಗೋ ಬಂದಿದೆ. ಈ ವರ್ಷ ನಂಗೆ ಬಂತು. ಒಂದು ಕಾಡುಟಗರು. ಒಂದೇ ಒಂದು. ಇಡೀ ವಯೋಮಿಂಗ್ ರಾಜ್ಯದಲ್ಲಿ ಇದಕ್ಕೋಸ್ಕರ ಕಾಯ್ತಾ ಕಾಯ್ತಾ ಎಷ್ಟು ಜನ ಮಣ್ಣಾದ್ರು, ನಿಂಗೇನು ಗೊತ್ತಿಲ್ವಾ? ನಿಮ್ಮಪ್ಪನೇ ಆದ್ನಲ್ಲ!

ಮುಟ್ಟಿ ನೋಡು ಇದನ್ನ. ನೋಡು ಬಟ್ಟೆ ಹೆಂಗಿದೆ! ಈ ಕಂದು ಚೀಲದ ಹಿಂದೆ ಅಂಗಡಿ ಅಂಗಡಿ ಅಲೆದೆ ನಾನು... ಏನು? ಹಸಿರಾ? ಹಸಿರು ಅಂತೀಯಾ? ...ಇರಬಹುದು ಬಿಡು. ಅಂಗಡಿ ಹುಡುಗ ಕಂದು ಅಂತ ಕೊಟ್ಟ. ಈ ಶೆಡ್ಡಿನ ಬೆಳಕಲ್ಲಿ ಎಲ್ಲಾ ಒಂದೇ. ಟಗರು ನಮ್ಮ ಚೀಲದ ಬಣ್ಣ ನೋಡಿ ಹೆಣ್ಣು ಕೊಡುತ್ತಾ? ವಿಷಯ ಅದಲ್ಲ ಕಣೋ. ಚೀಲ ಬರೀ ಹಗುರ ಇದ್ರೆ ಸಾಲದು. ಹೋಗ್ತಾ ಹಗುರ ಇರ್ಬೇಕು, ಬರ್ತಾ ಟಗರು ಹೊರಬೇಕು. ಹಗುರ ಅಂತ ಅಂದ್ಕೊಂಡು ಕಾಲೇಜು ಹುಡುಗರು ನಡಿಗೆಗೆ ಒಯ್ಯೋ ಚೀಲ ತಂದ್ಯೋ, ಮೊದಲನೇ ತೊಡೆ ತುಂಬಿದ ಕೂಡ್ಲೇ ಹೊಲಿಗೆ ಬಿಚ್ಚಿ ನಿನ್ನ ಪೃಷ್ಠದ ಮೇಲೆ ರಕ್ತ ಸೋರುತ್ತೆ. ಇಲ್ಲಿ ಕೈ ಹಾಕು... ಇಲ್ಲಿ. ಎರಡು ಕಡ್ಡಿ ಇದಾವಲ್ಲ, ಅವೇ ಇದರ ಬೆನ್ನುಮೂಳೆ. ಚೀಲಕ್ಕೂ ಈ ಚೌಕಟ್ಟಿಗೂ ನಡುವೆ ಬಿಚ್ಕೊಳ್ಳುತ್ತೆ, ಮಾಂಸ ಅಲ್ಲಿಗೆ. ಭಾರ ಬೆನ್ನಿಗೆ ಅಂಟ್ಕೊಂಡು ಕೂರುತ್ತೆ, ಹಿಂದಕ್ಕೆ ಎಳೆಯಲ್ಲ. ಸೊಂಟದ ಪಟ್ಟಿ ಬಿಗಿ ಮಾಡಿದ್ರೆ ಹೆಗಲಿಗೆ ಏನೂ ಇಲ್ಲ. ಎಲ್ಲಾ ಸೊಂಟಕ್ಕೆ. ಮೊಣಕಾಲಿಗೂ ಒಳ್ಳೇದು... ಹಾಂ, ಮೊಣಕಾಲಿಗೆ.

ಈಗ ತುಂಬೋದು ನೋಡು. ಮಲಗೋ ಚೀಲ ತಳಕ್ಕೆ. ಅದರ ಮೇಲೆ ಉಣ್ಣೆ ಅಂಗಿ, ಒಂದೇ. ಊಟ ಬೆನ್ನಿನ ಪಕ್ಕಕ್ಕೆ, ಹೆಗಲೆಲುಬುಗಳ ನಡುವೆ, ಅದೇ ಎಲ್ಲಕ್ಕಿಂತ ಭಾರ. ಒಣಗಿಸಿದ ಎಲ್ಕ್ ಜಿಂಕೆ ಮಾಂಸ, ಓಟ್ಸು, ಕಡಲೇಕಾಯಿ ಬೆಣ್ಣೆ, ರೊಟ್ಟಿ. ಸ್ಟೌ ಪಾತ್ರೆಯೊಳಗೆ, ಪಾತ್ರೆಯೊಳಗೇ ಗ್ಯಾಸು. ಡೇರೆ ಇಲ್ಲ! ಟಾರ್ಪಾಲು ಸಾಕು, ಊರುಗೋಲಿಗೇ ಕಟ್ಟೋದು. ಮಾಂಸದ ಬಟ್ಟೆ ಚೀಲ, ಚಾಕು, ಹಗ್ಗ. ಕರಡಿಗೆ ಎರಚೋ ಖಾರದ ಡಬ್ಬಿ ಸೊಂಟಕ್ಕೆ, ಎಡಗೈಗೆ ಸಿಗೋ ಹಾಗೆ. ಮಳೆ ಅಂಗಿ ಎಲ್ಲಕ್ಕಿಂತ ಮೇಲೆ. ನೋಡ್ದಾ? ಕೆಳಗೆ ಬಗ್ಗಿ ನೋಡೋದೂ ಬೇಡ, ಕೈ ತಾನೇ ಹೋಗುತ್ತೆ... ಯಾಕೆ ನಗ್ತೀಯ? ಯಾಕೆ ನಗ್ತೀಯೋ? ಹಲ್ಲುಜ್ಜೋ ಬ್ರಶ್ಶಾ? ಹೌದು, ಹಿಡಿ ಕತ್ತರಿಸ್ದೆ! ಅಂಗಿಗಳ ಕಾಲರಿನ ಚೀಟೀನೂ ಕತ್ತರಿಸ್ದೆ. ನಗು, ನಗು. ಹನಿಹನಿ ಸೇರಿ ಹಳ್ಳ ಅನ್ನೋದು ಬೆನ್ನಿಗೂ ಅನ್ವಯಿಸುತ್ತೆ. ನಿಮ್ಮಕ್ಕ ಕಂಡು, 'ಮೀಸೆಯನ್ನೂ ಬೋಳಿಸ್ಕೊಳ್ಳಿ, ಎರಡು ಔನ್ಸ್ ಉಳಿಯುತ್ತೆ' ಅಂದ್ಳು. ಅವಳಿಗೆ ತಮಾಷೆ.

ಏನಂದೆ? ನಿನ್ನ ಮುಖ ಬಿಟ್ಟು ಗೋಡೆ ಜೊತೆ ಮಾತಾಡ್ತಿದೀನಾ? ಕತ್ತು ಹಿಡ್ಕೊಂಡಿದೆ ಮಾರಾಯ. ದಿಂಬು ಸರಿಯಿಲ್ಲ. ಓರೆಯಾಗಿ ತಿರುಗಿದ್ರೆ ಸ್ವಲ್ಪ ಹಾಯ್ ಅನ್ಸುತ್ತೆ.

ಇಗೋ, ಚೀಲ ಕೊಕ್ಕೆ ತಕ್ಕಡಿಗೆ ನೇತುಹಾಕಿದೆ. ಎಷ್ಟಿದೆ, ಓದು. ನೀನೇ ಓದು, ನಾನು ಓದಿದ್ರೆ ಕಮ್ಮಿ ಹೇಳ್ದೆ ಅಂತೀಯ. ...ಇಪ್ಪತ್ತೆಂಟಾ? ಇಪ್ಪತ್ತೆಂಟು ಪೌಂಡು! ನೀರು, ಊಟ ಎಲ್ಲಾ ಸೇರಿ! ಹೇಳು, ನಿನ್ನ ಚೀಲ ಯಾವತ್ತಾದ್ರೂ ಇಷ್ಟು ಹಗುರ ಇತ್ತಾ? ಈ ಭಾರಕ್ಕೆ ಯಾವ ಮೊಣಕಾಲು ತಕರಾರು ತೆಗೆಯುತ್ತೆ? ಹೂಂ ಅನ್ನು ಮತ್ತೆ. ಹೂಂ ಅಂದ್ರೆ ಬೆಳಗ್ಗೆ ಹೊರಡೋದೇ.

ಯಾಕೆ ಜೇಬೆಲ್ಲಾ ತಡಕ್ತಿದೀಯ? ಜಿಪ್ಪಿನ ಸದ್ದು ಕೇಳ್ತು. ಏನು ಹುಡುಕ್ತಿದೀಯ ಅದರಲ್ಲಿ? ...ಹಣೆಗೆ ಕಟ್ಟೋ ಬ್ಯಾಟರಿ? ಬೇಡ ಅದು. ಕತ್ತಲಾದ್ಮೇಲೆ ಮಲಗೋದು, ಬೆಳಕಾದ್ಮೇಲೆ ಏಳೋದು, ಬ್ಯಾಟರಿ ಯಾಕೆ? ನಕ್ಷೆ ನಿನ್ನ ಹತ್ರ ಇದೆ. ಆ ಕೆಟಲ್ ಹಳ್ಳದ ದಾರಿ ನಾನು ಕಾಲಲ್ಲೇ ನಡೀತೀನಿ, ಕಾಗದದಲ್ಲಲ್ಲ.

ದುರ್ಬೀನಾ? ...ಹಾಂ, ದುರ್ಬೀನೂ ಹಾಕಿಲ್ಲ. ಆ ಮೂರುಕಾಲಿನ ದೊಡ್ಡ ಒಂಟಿಕಣ್ಣಿನ ದುರ್ಬೀನೂ ಹಾಕಿಲ್ಲ. ಗಾಜು ಕಣೋ, ಗಾಜು! ಊಟ ಬಿಟ್ರೆ ಅದರಷ್ಟು ಭಾರ ಇನ್ನೊಂದಿಲ್ಲ. ಎರಡೂ ತೆಗೆದ್ರೆ ಆರು ಪೌಂಡು ಇಳೀತು! ಇಬ್ಬರು ಹೋಗ್ತಿದೀವಿ, ನಿನ್ನದು ಇದೆ, ಒಂದು ಸಾಲದಾ? ನೀನು ನೋಡು, ನೀನು ಹೇಳು. ನಾನು ಪಕ್ಕದಲ್ಲಿ ಮಲಗಿರ್ತೀನಿ.

ಏನಂದೆ? ಇನ್ನೊಂದ್ಸಲ ಹೇಳು. ...'ಬೇಟೆ ಕಾಲಲ್ಲಲ್ಲ, ಕಣ್ಣಲ್ಲಿ'. ಹೌದು, ನಾನೇ ಹೇಳಿಕೊಟ್ಟಿದ್ದು. ನನ್ನ ಮಾತು ನನಗೇ ತಿರುಗಿಸ್ತೀಯಾ? ಹೌದಪ್ಪ, ಟಗರಿನ ಬೇಟೆಗೆ ಹೋಗೋನು ಅನ್ನ ಬಿಟ್ಟಾನು, ಹಾಸಿಗೆ ಬಿಟ್ಟಾನು, ದುರ್ಬೀನು ಬಿಡಲ್ಲ. ಗೊತ್ತು! ನಂಗೆ ಹೇಳಿಕೊಡ್ಬೇಡ! ಈ ಮೊಣಕಾಲು ಆ ಆರು ಪೌಂಡು ಹೊರಲ್ಲ ಅಂದ್ಮೇಲೆ ಏನ್ಮಾಡ್ಲಿ? ಹೇಳು, ಏನ್ಮಾಡ್ಲಿ? ಎಲ್ಲಾ ಹೊತ್ಕೊಂಡು ಹೋದ್ರೆ ಮೊಣಕಾಲು ಅಂತೀರಿ, ಇಳಿಸಿದ್ರೆ ಯಾಕೆ ಇಳಿಸ್ದೆ ಅಂತೀರಿ. ಅತ್ತೆಗೂ ಸೈ ಅಲ್ಲ, ಸೊಸೆಗೂ ಸೈ ಅಲ್ಲ ನಾನು!

ಕೂಗಾಡ್ಲಿಲ್ಲ. ನಾನೆಲ್ಲಿ ಕೂಗಾಡ್ದೆ? ಕೂತ್ಕೋ... ಎದ್ಯಾ? ಕೂತ್ಕೋ ಲೈಲ್.

ಆ ಹಳ್ಳದ ಮಾತು ಈಗ್ಯಾಕೆ ತೆಗೀತೀಯ? ವಸಂತದಲ್ಲಿ ಬಿದ್ದೆ, ಹೌದು. ಎಲ್ರೂ ಬೀಳ್ತಾರೆ. ಕಲ್ಲು ಜಾರ್ತು, ಮೊಣಕಾಲು ಮಡಚ್ತು, ಬಿದ್ದೆ. ಏನು? ಕಲ್ಲೇ ಇಲ್ಲದ ಕಡೆ ಕಾಲಿಟ್ನಾ? ನೀನು ಹಿಂದೆ ಇದ್ದೆ, ನಿನಗೇನು ಗೊತ್ತು ನನ್ನ ಕಾಲು ಎಲ್ಲಿತ್ತು ಅಂತ! ಸೊಂಟದವರೆಗೆ ಒದ್ದೆಯಾಗಿ ನಡುಗ್ತಿದ್ದಾಗ್ಲೂ ನಗ್ತಾ ಇದ್ನಲ್ಲ ನಾನು? ನೀನೂ ನಕ್ಕೆಯಲ್ಲ? ಆವತ್ತು ನಕ್ಕು ಇವತ್ತು ಸಾಕ್ಷಿ ಹೇಳೋಕೆ ಬಂದ್ಯಾ?

ಗುರಿ ನೋಡ್ಕೊಳ್ಳೋದಾ? ಈಗಲಾ? ಬೇಡ. ಹಿತ್ತಲಲ್ಲಿ ಡಬ್ಬಿಗೆ ಗುಂಡು ಹೊಡೆಯೋಕೆ ನಾನೇನು ಎಳೇ ಹುಡುಗನಾ? ಕೋವಿ ಸರಿಯಾಗಿದೆ. ...ಬೇಡ ಅಂದ್ನಲ್ಲ. ಅಕ್ಕಪಕ್ಕದವರಿಗೆ ಕಿರಿಕಿರಿ. ...ಬೇಡ ಅಂದೆ!

ಮುಂದಿನ ವರ್ಷ ಅನ್ಬೇಡ. ಆ ಮಾತೊಂದು ಅನ್ಬೇಡ ಲೈಲ್, ನಿನ್ನ ಕಾಲಿಗೆ ಬೀಳ್ತೀನಿ. ಮುಂದಿನ ವರ್ಷಕ್ಕೆ ಈ ಪರವಾನಗಿ ನಡೆಯಲ್ಲ. ಬೇರೆಯವರ ಹೆಸರಿಗೆ ಬರೆಯೋಕೂ ಬರಲ್ಲ. ಮತ್ತೆ... ಮುಂದಿನ ವರ್ಷ ಈ ಮೊಣಕಾಲು ಇನ್ನೂ ಕೆಟ್ಟಿರುತ್ತೆ. ಡಾಕ್ಟ್ರು ಹೇಳಿದಾರೆ. ದಿನ ದಿನ ಕೆಡೋದೇ ಅದರ ಕೆಲ್ಸ. ನಡುವಿನಿಂದ ಶುರುವಾಗಿ... ಅಂದ್ರೆ, ಮೊಣಕಾಲಿನ ನಡುವಿನಿಂದ. ಅಲ್ಲಿಂದ ಸುತ್ತ ಹರಡ್ತಾ ಹೋಗುತ್ತಂತೆ. ಯಾಕೆ ಹಾಗೆ... ಏನು ಯೋಚ್ನೆ ಮಾಡ್ತಿದೀಯ? ಏನಾದ್ರೂ ಅನ್ನೋ.

ನಿನ್ನ ಮೊದಲ ಎಲ್ಕ್ ನೆನಪಿದೆಯಾ? ಹೊಡೆದು, ಮಂಡಿಯೂರಿ ವಾಂತಿ ಮಾಡ್ಕೊಂಡೆ ನೀನು. ನಿನ್ನ ಪಾಲಿನ ಮಾಂಸಾನೂ ನಾನೇ ಹೊತ್ತೆ, ಕಾರಿನವರೆಗೆ. ನಿಮ್ಮಪ್ಪನಿಗೆ ಹೇಳ್ಲಿಲ್ಲ, ನಿಮ್ಮಕ್ಕನಿಗೂ ಹೇಳ್ಲಿಲ್ಲ. ಇವತ್ತಿಗೂ ಹೇಳಿಲ್ಲ. ಲೆಕ್ಕ ಕೇಳ್ತಿಲ್ಲ ನಾನು. ಛೇ, ಲೆಕ್ಕ ಕೇಳ್ತಿಲ್ಲ. ಬೇಡ್ಕೊಳ್ತಿದೀನಿ.

ಆಯ್ತು. ಹೀಗೆ ಮಾಡೋಣ. ಕೊಂಬು ಎಷ್ಟು ಸುತ್ತಿದೆ ಅಂತ ನೀನೇ ನೋಡು. ಮುಕ್ಕಾಲು ಸುತ್ತು ಇಲ್ದಿದ್ರೆ ಹೊಡೆಯೋ ಹಾಗಿಲ್ಲ, 'ಬೇಡ ಭಾವ' ಅನ್ನು, ಬಿಟ್ಬಿಡ್ತೀನಿ. ಕೋವಿ ನೀನೇ ಕಲ್ಲಿನ ಮೇಲೆ ಇಟ್ಟು, ಸರಿ ಮಾಡಿ, 'ಒತ್ತು' ಅಂದ್ರೆ ಒತ್ತುತೀನಿ ಅಷ್ಟೇ... ಯಾಕೆ ಹಾಗೆ ಉಸಿರೆಳೆದೆ? ತಪ್ಪಾ? ಸರಿ, ತಪ್ಪು. ಆ ಮಾತು ತಪ್ಪು. ಗಾಯಗೊಂಡ ಟಗರು ಬಂಡೆ ಸಂದಿಯಲ್ಲಿ ಕೊಳೆಯೋದು ನಂಗೂ ಬೇಡ. ಆಚೆ ಬಂಡೆ ಹಿಂದೆ ಇನ್ಯಾವನೋ ಇದ್ರೆ... ಬೇಡ ಬೇಡ. ಬಿಡು ಅದನ್ನ.

ನೋಡು, ಕೋವಿ ತೆಗೆದು ಬೆಂಚಿನ ಮೇಲಿಟ್ಟೆ. ಸದ್ದು ಕೇಳ್ತಲ್ಲ? ಗುಂಡಿನ ಡಬ್ಬಿನೂ ತೆಗೆದೆ. ತಗೋ, ಕೋವಿನೂ ಬೇಡ! ಇನ್ನೂ ಒಂಬತ್ತು ಪೌಂಡು ಇಳೀತು. ಪರವಾನಗಿ ಜೇಬಲ್ಲೇ ಇದ್ದು ಹಾಳಾಗ್ಲಿ. ಟಗರು ತನ್ನ ಪಾಡಿಗೆ ಮೇಯ್ಲಿ. ನನ್ನನ್ನ ಮೇಲಕ್ಕೆ ಕರ್ಕೊಂಡು ಹೋಗು, ಅಷ್ಟೇ. ಆ ಬೋಳುಬೆಟ್ಟದ ಅಂಚಲ್ಲಿ ಹೊಟ್ಟೆ ಮೇಲೆ ಮಲಗ್ತೀನಿ. ಬೆಳಗ್ಗೆ ಗಾಳಿ ಕೆಳಗಿಂದ ಮೇಲಕ್ಕೆ ಬೀಸುತ್ತೆ, ಅವುಗಳ ವಾಸನೆ ಬರುತ್ತೆ, ಗೊರಸಿಗೆ ಸಿಕ್ಕಿ ಕಲ್ಲು ಉರುಳೋದು ಕೇಳುತ್ತೆ. ನೀನು ಪಕ್ಕದಲ್ಲಿ ಪಿಸುಪಿಸು ಅಂತ ಹೇಳ್ತಾ ಇರು, ಎಷ್ಟಿವೆ, ಯಾವುದು ದೊಡ್ಡದು, ಯಾವುದು ಇತ್ತ ತಿರುಗ್ತು ಅಂತ. ಜೀವಮಾನ ಕಾದಿದ್ದಕ್ಕೆ ಅಷ್ಟು ಸಾಕು ನಂಗೆ. ಬೇಟೆಗೆ ಹೋಗೋನು ಕೋವಿ ಬಿಟ್ಟು ಬರ್ತೀನಿ ಅಂತಿದೀನಿ ಕಣೋ! ಇದಕ್ಕಿಂತ ಹಗುರ ಹೆಂಗಾಗ್ಲಿ ನಾನು? ಇನ್ನೇನು ತೆಗೀಲಿ ಚೀಲದಿಂದ?

ಬರ್ತೀಯಾ?

...ಬರ್ತೀಯಾ ಲೈಲ್?

...ತಲೆ ಆಡಿಸ್ದೆ. ಆಡಿಸ್ದೆ ಅಲ್ವಾ? ಥ್ಯಾಂಕ್ಸ್ ಕಣೋ. ನನ್ನಪ್ಪ, ನಿನ್ನನ್ನ ಬೆಳೆಸಿದ್ದಕ್ಕೂ ಸಾರ್ಥಕ! ಗೊತ್ತಿತ್ತು ನಂಗೆ, ನೀನು ಕೈಬಿಡಲ್ಲ ಅಂತ. ಬೆಳಗ್ಗೆ ಬೇಗ ಬಾ, ನಿಮ್ಮಕ್ಕ ಏಳೋದ್ರೊಳಗೆ. ನಾನು ಕಾಫಿ ಕಾಸಿ...

...ಯಾಕೆ ಏನೂ ಅಂತಿಲ್ಲ?

ಹೂಂ ಅಂತ ತಾನೇ ಆಡಿಸಿದ್ದು? ...ಲೈಲ್? ತಮಾಷೆ ಮಾಡ್ಬೇಡ. ನಗ್ತಿದೀಯಾ? ಅಲ್ಲಾ... ಮುಖ ಯಾಕೆ ಹಾಗೆ... ಬಾಯಿ ಬಿಡೋ. ಕೆಮ್ಮು, ಬೈಯಿ, ಏನಾದ್ರೂ ಮಾಡು. ಪೆಟ್ಟಿಗೆ ಮೇಲೇ ಇದೀಯ ತಾನೆ? ಉಸಿರು ಕೇಳ್ತಿದೆ, ಇಲ್ಲೇ ಇದೀಯ. ನನ್ನ ಎದುರಿಗೇ ಇದೀಯ.

ಮೇಲೆ ಕೆಳಗೆ ಆಡಿಸ್ದ್ಯೋ, ಅತ್ತ ಇತ್ತ ಆಡಿಸ್ದ್ಯೋ? ...ಆಡಿಸಲೇ ಇಲ್ವೋ?

...ನಿಮ್ಮಕ್ಕನಿಗೆ ಹೇಳ್ಬೇಡ. ಮೊಣಕಾಲು ಅಂತಲೇ ಇರ್ಲಿ ಅವಳಿಗೆ. ಮಾತಾಡೋ ಲೈಲ್, ಬಾಯಲ್ಲಿ ಹೇಳು, ಹೂಂ ಅಂತಲೋ ಇಲ್ಲ ಅಂತಲೋ. ನೇರ ನೋಡಿದ್ರೆ ನನ್ನ ಕಣ್ಣಿಗೆ ನೀನು ಇರೋದೇ ಇಲ್ಲ ಕಣೋ ಅಲ್ಲಿ.