ಹೆಸರು ನಮ್ಮದು, ಬೀಗದ ಕೈ ಅವರದು

ಎರ್ರಕುಂಟೆಯ ಹಿರಿಯರೇ, ಅಕ್ಕತಂಗಿಯರೇ, ದೊಡ್ಡಗುಟ್ಟಹಳ್ಳಿಯಿಂದ ಹಾರ ಹಿಡಿದು ಬಂದಿರುವ ಮಾನ್ಯರೇ — ಎಲ್ಲರಿಗೂ ನಮಸ್ಕಾರ. ಚಿಕ್ಕವೆಂಕಟಮ್ಮಕ್ಕ, ಮಗಳು ಹರಿತಾ — ನಿಮ್ಮಿಬ್ಬರ ಮುಖ ನೋಡಿಕೊಂಡು ಮಾತಾಡುವುದು ಕಷ್ಟ. ಆದರೂ ಮಾತಾಡುತ್ತೇನೆ. ರಾಮಾಂಜಿನಪ್ಪನವರು ಈ ಊರಿನ ಪಂಚಾಯ್ತಿ ಅಧ್ಯಕ್ಷರಾಗಿದ್ದಾಗ ಈ ಅಜೀಜಾ ಉಪಾಧ್ಯಕ್ಷೆ. ಅವರನ್ನು ನಾನು ಅಣ್ಣ ಅಂತಲೇ ಕರೆಯುತ್ತಿದ್ದೆ.

ಮಾನ್ಯರು ಹಾರ ತಂದಿದ್ದೀರಿ, ಸಂತೋಷ. ಈ ಪಂಚಾಯ್ತಿ ಆಫೀಸಿನ ಬೀಗದ ಕೈ ತಂದಿದ್ದೀರಾ? — ಇಲ್ಲ. ಅದಕ್ಕೇ ಇಷ್ಟು ಜನ ರಸ್ತೆ ಮೇಲೆ ಕೂತಿದ್ದೇವೆ.

ಅಧ್ಯಕ್ಷರಾಗಿದ್ದವರು ಯಾರೇ ತೀರಿಕೊಳ್ಳಲಿ, ಅವರನ್ನು ಪಂಚಾಯ್ತಿ ಆಫೀಸಿನ ಜಗಲಿಯ ಮೇಲೆ ಸ್ವಲ್ಪ ಹೊತ್ತು ಇಳಿಸುವುದು ನಮ್ಮೂರ ಪದ್ಧತಿ. ಪಕ್ಷ ನೋಡಲಿಲ್ಲ, ಜಾತಿ ನೋಡಲಿಲ್ಲ, ಎಲ್ಲರನ್ನೂ ಇಳಿಸಿದ್ದೇವೆ. ಮೊನ್ನೆ ಅಣ್ಣನನ್ನು ಹೊತ್ತು ತಂದಾಗ ಗೇಟಿಗೆ ಬೀಗ. ಒಳಗೆ ಹಳೆ ಪೈಪು, ಮುರಿದ ಕುರ್ಚಿ. ದೊಡ್ಡಗುಟ್ಟಹಳ್ಳಿಗೆ ಫೋನ್ ಮಾಡಿದರೆ — "ಮೀಟಿಂಗ್ ಇದೆ ಕಣಮ್ಮ, ಸಾಯಂಕಾಲ ಯಾರನ್ನಾದ್ರೂ ಕಳಿಸ್ತೀವಿ." ಸಾಯಂಕಾಲದವರೆಗೆ ಹೆಣ ಕಾಯುತ್ತದಾ? ಇಗೋ, ಇಲ್ಲೇ, ಈ ಟಾರಿನ ಮೇಲೆ ಇಳಿಸಿದೆವು. ತಲೆಯ ಮೇಲೆ ಬೋರ್ಡು. ಓದಿ ನೋಡಿ — "ಎರ್ರಕುಂಟೆ–ದೊಡ್ಡಗುಟ್ಟಹಳ್ಳಿ ಗ್ರಾಮ ಪಂಚಾಯ್ತಿ." ನಮ್ಮ ಹೆಸರೇ ಮೊದಲು! ಎಷ್ಟು ಚೆನ್ನಾಗಿ ಬರೆಸಿದ್ದಾರೆ.

ಈ ಬೋರ್ಡು ಹೇಗೆ ಬಂತು ಅಂತ ಮರೆತಿಲ್ಲ ತಾನೇ? ಚಿಕ್ಕ ಪಂಚಾಯ್ತಿಗಳನ್ನು ಪಕ್ಕದವುಗಳ ಜೊತೆ ಸೇರಿಸುವ ಮಾತು ಬಂತು. ಒಪ್ಪಿಗೆಗೆ ಗ್ರಾಮಸಭೆ ಕರೆದರು. ಆಫೀಸು ಎಲ್ಲಿರುತ್ತದೆ, ನೀರಿನ ಮೋಟಾರು ಸುಟ್ಟರೆ ಯಾರನ್ನು ಕೇಳುವುದು — ಯಾರೂ ಕೇಳಲಿಲ್ಲ. ಇಡೀ ಸಭೆಯಲ್ಲಿ ಒಂದೇ ಜಗಳ, ಯಾವ ಊರಿನ ಹೆಸರು ಮೊದಲು ಬರಬೇಕು! ವೆಂಕಟರವಣಪ್ಪನವರು ಟವೆಲ್ ಝಾಡಿಸಿ ಎದ್ದರು. "ನಮ್ಮೂರ ಹೆಸ್ರು ಮೊದ್ಲು ಬರ್ಲಿಲ್ಲಾಂದ್ರೆ ಸೈನೇ ಹಾಕಲ್ಲ!" — ತಲೆ ತಗ್ಗಿಸಬೇಡಿ ಮಾಮಾ, ನಿಮ್ಮೊಬ್ಬರನ್ನೇ ಅನ್ನುತ್ತಿಲ್ಲ. ದೊಡ್ಡಗುಟ್ಟಹಳ್ಳಿಯವರು ನಗುನಗುತ್ತಾ, "ಅಯ್ಯೋ, ಹೆಸ್ರು ತಾನೇ? ನಿಮ್ದೇ ಮೊದ್ಲು ಹಾಕಣ ಬಿಡ್ರಪ್ಪ" ಅಂದರು. ನಾವು ಪಟಾಕಿ ಹೊಡೆದೆವು. ಇಂಥ ದಡ್ಡತನಕ್ಕೆ ಪಟಾಕಿ ಬೇರೆ.

ಆ ಗಲಾಟೆಯಲ್ಲಿ ಒಬ್ಬರು ಎದ್ದು ನಿಂತಿದ್ದರು. ಕೈ ಹೀಗೆ ಮೇಲೆತ್ತಿ — "ಎರಡು ನಿಮಿಷ ಸುಮ್ನಿರ್ರಪ್ಪ, ಒಂದು ಮಾತು ಹೇಳ್ತೀನಿ." ನೀವು ಬಿಟ್ಟಿರಾ? "ಕೂತ್ಕೊಳಪ್ಪ, ಕುರ್ಚಿ ಹೋಗುತ್ತೆ ಅಂತ ಹೊಟ್ಟೆ ಉರಿ ನಿಂಗೆ!" ಅಂದಿರಿ. ಮತ್ತೆ ಕೈ ಎತ್ತಿದರು. ಮತ್ತೆ ಕೂಗಿದಿರಿ. ಯಾರೋ ಮೈಕಿನ ವೈರು ಎಳೆದರು. ಪಕ್ಕದಲ್ಲೇ ಕೂತಿದ್ದೆ ನಾನು — ಅಣ್ಣ ಎತ್ತಿದ ಕೈ ಇಳಿಸಿ ಕೂತುಬಿಟ್ಟರು.

ಸಭೆ ಮುಗಿದ ಮೇಲೆ ಹೋಟ್ಲಲ್ಲಿ ಟೀ ಕುಡಿಯುತ್ತಾ ಹೇಳಿದರು. "ಸೇರೋದು ಬೇಡ ಅಂತಲ್ಲ ಅಜೀಜಮ್ಮ. ದೊಡ್ಡ ಪಂಚಾಯ್ತಿ ಆದ್ರೆ ದೊಡ್ಡ ಕೆಲ್ಸ ಆಗ್ಬೋದು. ಹೆಸ್ರು ಅವ್ರಿಗೇ ಇರ್ಲಿ, ಆಫೀಸೂ ನೀರಿನ ರಿಪೇರಿನೂ ನಮ್ಮೂರಲ್ಲೇ ಇರ್ಲಿ ಅಂತ ಬರೆಸಿ ಅನ್ನೋಣ ಅಂತಿದ್ದೆ." ಇಷ್ಟೇ. ಇದನ್ನು ಹೇಳಲು ಅವರಿಗೆ ಎರಡು ನಿಮಿಷವೂ ಬೇಕಿರಲಿಲ್ಲ.

ಈ ಬೇಸಿಗೆಯಲ್ಲಿ ಮೋಟಾರು ಸುಟ್ಟಿತು. ಮೊದಲಾದರೆ ಅಣ್ಣ ಶಿಡ್ಲಘಟ್ಟದ ಮೆಕ್ಯಾನಿಕ್‌ಗೆ ಫೋನ್ ಮಾಡುತ್ತಿದ್ದರು, ಸಂಜೆಗೆ ನಲ್ಲಿಯಲ್ಲಿ ನೀರು. ಈಗ ಆಫೀಸು ಇರುವ ದೊಡ್ಡಗುಟ್ಟಹಳ್ಳಿಗೆ ಹೋಗಬೇಕು. ಬೈದು ಕೂರಿಸಿದ್ದಿರಲ್ಲ, ಅದೇ ಮನುಷ್ಯನ ಮನೆ ಬಾಗಿಲಿಗೆ ಹೋದಿರಿ — "ಅಣ್ಣ, ನೀವೇ ಒಂದು ಮಾತು ಹೇಳ್ಬೇಕು." ಎದೆ ನೋವಿತ್ತು ಅವರಿಗೆ. ಚಿಕ್ಕವೆಂಕಟಮ್ಮಕ್ಕ ಬೇಡ ಅಂದಳು. "ನನ್ನ ಮೇಲಿನ ಸಿಟ್ಟು ನೀರಿನ ಮೇಲೆ ಯಾಕೆ ಕಣೇ" ಅಂತ ಹೊರಟರು. ದಿನವೂ ಹೋದರು. "ನಿಮ್ಮೂರ ಸರದಿ ಬರ್ಲಿ ಯಜಮಾನ್ರೇ" ಅಂತ ಅಲ್ಲಿಯವರು ಬೆಂಚು ತೋರಿಸಿದರು. ಒಂದು ದಿನ ಆ ಬೆಂಚಿನ ಮೇಲೇ ಅಣ್ಣ ಕುಸಿದರು. ಚಿಕ್ಕಬಳ್ಳಾಪುರದ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಎಲ್ಲಾ ಮುಗಿದಿತ್ತು.

ಇವತ್ತು ಇಲ್ಲಿ ಕೊಟ್ಟ ಮಜ್ಜಿಗೆ ಟ್ಯಾಂಕರ್ ನೀರಿನದು. ಸರದಿ ಇನ್ನೂ ಬಂದಿಲ್ಲ. ಅದನ್ನು ಕುಡಿದೇ ಭಾಷಣಕಾರರು "ಸರಳ ಸಜ್ಜನ, ತುಂಬಲಾರದ ನಷ್ಟ" ಅಂದರು. ಬದುಕಿದ್ದಾಗ ಒಂದು ಮಾತಾಡಲು ಬಿಡದವರಿಗೆ ಈಗ ಎಷ್ಟೊಂದು ಮಾತು!

ಸಾಕು. ನನ್ನದೂ ಜಾಸ್ತಿ ಆಯಿತು. ದಯವಿಟ್ಟು ಎಲ್ಲರೂ ಎದ್ದು ನಿಲ್ಲಿ. ಮಾನ್ಯರೇ, ನೀವೂ. ಫೋನು ಆಫ್ ಮಾಡಿ. ಅವತ್ತು ಅಣ್ಣ ಕೈ ಎತ್ತಿ ನಮ್ಮನ್ನು ಕೇಳಿದ್ದು ಎರಡು ನಿಮಿಷ — ಸುಮ್ಮನಿರಿ ಅಂತ ಮಾತ್ರ.

ಈಗ ಕೊಡೋಣ.