ಹಿತ್ತಲ ಬಾಗಿಲಿಗೆ ಬರುವ ಒಡೆಯರು

ಕೇಣಿಯಲ್ಲಿ ಹಿಡಿದ ಮಳೆ ಮೂರು ದಿನವಾದರೂ ಬಿಟ್ಟಿರಲಿಲ್ಲ. ಆಗಸ್ಟ್ ಬಂದರೂ ಕಡಲು ತಣ್ಣಗಾಗದೆ ದೋಣಿಗಳೆಲ್ಲ ಗಾಳಿಮರಗಳ ಬುಡದಲ್ಲೇ ಬಿದ್ದಿದ್ದವು. ಸಂಜೆ ಐದಕ್ಕೇ ಕತ್ತಲೆ ಕವಿದು, ಕರೆಂಟೂ ಹೋಗಿ, ಬೊಮ್ಮಜ್ಜಿಯ ಮನೆಯಲ್ಲಿ ಚಿಮಣಿ ದೀಪದ ಸುತ್ತ ನಾಲ್ಕು ಜನ ಕೂತಿದ್ದರು. ಬೇಲೇಕೇರಿಯ ಗಂಡನ ಮನೆಯಿಂದ ಬಂದು ಮಳೆಗೆ ಸಿಕ್ಕಿಬಿದ್ದಿದ್ದ ಮಗಳು ಹೀರಾ ಒಣಸಿಗಡಿಯ ತಲೆ ಚಿವುಟುತ್ತಿದ್ದಳು. ಪಕ್ಕದ ಮನೆಯ ರೂಪೇಶ ಹರಿದ ಬಲೆ ಹರಡಿಕೊಂಡಿದ್ದ. ಹೀರಾಳ ಮಗಳು ನೀತಾ ಅಂಕೋಲೆಯ ಶಾಲೆಯಲ್ಲಿ ಟೀಚರು. ಹದಿನೈದನೇ ತಾರೀಖಿಗೆ ಮಾಡಬೇಕಾದ ಭಾಷಣವನ್ನು ಜೋರಾಗಿ ಓದುತ್ತಿದ್ದಳು.

ಭಾಷಣ ಪುಂಡಲೀಕಪ್ಪನವರ ಮೇಲೆ. ಹುಡುಗರಾಗಿದ್ದಾಗಲೇ ಉಪ್ಪಿನ ಸತ್ಯಾಗ್ರಹಕ್ಕೆ ಹೋಗಿ ಜೈಲು ಕಂಡವರು, ಆಮೇಲೆ ಮಂತ್ರಿಯಾದವರು, ಮಾತಿಗೆ ನಿಂತರೆ ಮೈದಾನವೇ ಉಸಿರು ಹಿಡಿದು ಕೇಳುತ್ತಿದ್ದ ಮನುಷ್ಯ. ಅವರ ಅಂಕೋಲೆಯ ಮನೆಯಲ್ಲಿ ಬೊಮ್ಮಜ್ಜಿ ವರ್ಷಗಟ್ಟಲೆ ಅಡುಗೆ ಮಾಡಿಕೊಂಡಿದ್ದವಳು.

“ಸುಳ್ಳು ಎಂಬುದು ಅವರ ನಾಲಿಗೆಯ ಮೇಲೆ ಒಂದು ದಿನವೂ ಸುಳಿಯಲಿಲ್ಲ,” ಎಂದು ನೀತಾ ಓದಿದಳು.

“ಆ ಸಾಲು ಹೊಡೆದು ಹಾಕು ಮಗಾ,” ಎಂದಳು ಅಜ್ಜಿ.

ಎಲ್ಲರೂ ನಕ್ಕರು. ಅಜ್ಜಿ ನಗಲಿಲ್ಲ. ಎಲೆಸಂಚಿಯನ್ನು ಪಕ್ಕಕ್ಕಿಟ್ಟು, ದೀಪದ ಬತ್ತಿ ಒಂಚೂರು ಏರಿಸಿ, ಹೇಳಲು ತೊಡಗಿದಳು.

“ನಾ ಹೇಳೂದು ಒಡೆಯರ ಮಗ ಮಧುಕರನ ಕತೆ. ಇದ್ದಾಗ ಸಣ್ಣೊಡೆಯರೇ ಅಂತಿದ್ದೆ. ಈಗ ಅವ ಇಲ್ಲ, ಅವ ಅಂತಲೇ ಹೇಳ್ತೆ, ಬೇಜಾರ ಮಾಡ್ಕಳೂದಿಲ್ಲ. ನಿಮಗೆಲ್ಲ ಅವ ಹೇಗೆ ಗೊತ್ತು? ಕಾರವಾರದ ದಂಡೆಯಲ್ಲಿ ಕುಡಿದು ಬೀಳ್ತಿದ್ದ ಮಂತ್ರಿ ಮಗ... ಅಷ್ಟೇ ಅಲ್ದಾ? ಸಿಕ್ಕಿದ ನೌಕರಿ ಬಿಟ್ಟ, ಕಟ್ಟಿಕೊಂಡ ಹೆಂಡತಿ ಬಿಟ್ಟು ಹೋದ್ಲು. ಒಂದ್ಸಲ ಒಡೆಯರು ಕಾರವಾರದಲ್ಲಿ ಸತ್ಯ, ಅಹಿಂಸೆ ಅಂತ ಭಾಷಣ ಮಾಡೂವಾಗ ಇವ ಜನರ ಹಿಂದೆ ನಿಂತು ಗಹಗಹಿಸಿ ನಕ್ಕ, ನಿಲ್ಲಿಸ್ಲೇ ಇಲ್ಲ, ಪೊಲೀಸರು ಎತ್ತಿಕೊಂಡು ಹೋಗಬೇಕಾಯ್ತು. ಅಂಥ ಅಪ್ಪನಿಗೆ ಇಂಥ ಮಗ ಅಂತ ಊರೆಲ್ಲ ಉಗೀತು. ನಾನೂ ಉಗಿದೆ... ಯಾಕೆ ಸುಳ್ಳು ಹೇಳಲಿ?

ಹೀರಾ, ನಿನ್ನ ಅಪ್ಪ ಹುಲಿಯಾ ಮಂಜಗುಣಿಯಲ್ಲಿ ದೋಣಿ ದಾಟಿಸ್ತಿದ್ದ. ನಿಂಗೆ ಎಂಟು ವರ್ಷ, ಆ ವರ್ಷದ ಮಳೆಗಾಲದಲ್ಲಿ ಗಂಗಾವಳಿ ತುಂಬಿ ಹರೀತಿತ್ತು, ದೋಣಿ ಮಗುಚಿ ಹೋದ. ಕುಡಿದು ಒಬ್ಬನೇ ಹೊಳೆಗೆ ಇಳಿದ ಅಂತ ಪೊಲೀಸರು ಬರೆದುಕೊಂಡ್ರು. ನಾ ಹತ್ತು ವರ್ಷ ಅವನ ಸಂಗಡ ಬಾಳ್ವೆ ಮಾಡಿದವಳು, ಅವನ ಬಾಯಲ್ಲಿ ಒಂದಿನ ಕಳ್ಳಿನ ವಾಸನೆ ಕಂಡವಳಲ್ಲ. ಆದ್ರೆ ಯಾರ ಹತ್ರ ಹೇಳೂದು? ಕೇಳಿ ಕೇಳಿ ಕಡೆಗೆ ನಾನೂ ನಂಬಿದೆ ಮಾರಾಯ್ತಿ... ನನ್ನ ಬಿಟ್ಟು ಹೋದ ಕುಡುಕ ಅಂತ ಅವನ ಹೆಸರಿಗೆ ಎಷ್ಟು ಶಾಪ ಹಾಕಿದ್ದೇನೋ.

ತಿಂಗಳು ಕಳೀಲಿಲ್ಲ, ಒಡೆಯರೇ ಕಾರು ಕಳಿಸಿದ್ರು. ಮೀನು ಹಿಡಿಯೂವವರ ಹೆಂಗಸನ್ನ ಅಡುಗೆಮನೆಗೆ ಸೇರಿಸಬೇಡ ಅಂತ ನೆಂಟರೆಲ್ಲ ಗಲಾಟೆ ಮಾಡಿದ್ರೂ ಕೇಳಲಿಲ್ಲ. ಎಂಥ ದೊಡ್ಡ ಮನಸು ಅಂದ್ರು ಜನ. ನಿನ್ನ ಮದುವೆಗೆ ಬಂದು ಅಕ್ಷತೆ ಹಾಕಿದವರೂ ಅವರೇ ಅಲ್ದನೇ?

ಆದ್ರೆ ಮಧುಕರ... ನಾ ಬಡಿಸಿದ ಅನ್ನ ಅವ ಮುಟ್ಟತಿರಲಿಲ್ಲ. ತಟ್ಟೆ ಎತ್ತಿ ಅಂಗಳಕ್ಕೆ ಬಿಸಾಡ್ತಿದ್ದ. ಇವಳನ್ನ ಈ ಮನೆಯಿಂದ ಕಳಿಸು ಅಂತ ಅಪ್ಪನ ಎದುರು ಕೂಗ್ತಿದ್ದ. ಒಡೆಯರು ಪೇಪರಿನಿಂದ ತಲೆ ಎತ್ತತಿರಲಿಲ್ಲ. ನಾ ಅಂದ್ಕಂಡಿದ್ದು ಎಂತ? ನನ್ನ ಜಾತಿ ಅವಂಗೆ ಹೇಸಿಗೆ ಅಂತ. ಅವ ಕಾರವಾರಕ್ಕೆ ಹೋಗಿ ಬಿದ್ದ ಮೇಲೆ ನಂಗೆ ನೆಮ್ಮದಿಯೇ ಆಯ್ತು.

ಹಾಗೇ ಇಪ್ಪತ್ತೊಂಬತ್ತು ವರ್ಷ ಹೋಯ್ತು. ಕಡೆಗೆ ಒಡೆಯರಿಗೆ ಲಕ್ವ ಹೊಡೆದು ಮಾತು ನಿಂತಿತು. ಅಂಥ ಮಾತಿನ ಮನುಷ್ಯನಿಗೆ... ಎಂಟು ತಿಂಗಳು ಹಾಸಿಗೆಯಲ್ಲಿದ್ರು. ನಾ ಹತ್ರ ಹೋದ್ರೆ ಕೈ ಹಿಡಿದು ಬಾಯಿ ತೆರೀತಿದ್ರು. ನೀರು ಬೇಕೇನೋ ಅಂತ ಕೊಟ್ರೆ ಲೋಟ ತಳ್ಳತಿದ್ರು. ಹಾಗೇ ಬಾಯಿ ತೆರೆದುಕೊಂಡೇ ಜೀವ ಹೋಯ್ತು. ಶ್ರಾವಣ ಮಾಸ, ಎರಡು ಸಾವಿರದ ಮೂರು.

ಕ್ರಿಯೆ ಎಲ್ಲ ಮುಗಿದು ಐದಾರು ದಿನ ಆಗಿತ್ತು. ದೀಪ ಹಚ್ಚೂ ಹೊತ್ತು, ಸಣ್ಣ ಮಳೆ. ನಾ ಅಡುಗೆಮನೆಯಲ್ಲಿ ಮೀನು ಹೆಚ್ಚತಾ ತಲೆ ಎತ್ತಿದೆ... ಹಿತ್ತಲ ಬಾಗಿಲಲ್ಲಿ ಒಡೆಯರು ನಿಂತಿದ್ರು. ಬಿಳಿ ಧೋತ್ರ, ಬಿಳಿ ಅಂಗಿ. ಬದುಕಿದ್ದಾಗ ಒಂದಿನ ಹಿತ್ತಲ ಕಡೆ ಬಂದವರಲ್ಲ. ನಾವು ಆಳುಗಳು ನಿಲ್ಲೂ ಜಾಗದಲ್ಲಿ, ಎರಡೂ ಕೈ ಕಟ್ಟಿ ನಿಂತಿದ್ರು. ಬಾಯಿ ಆಡ್ತಿತ್ತು. ಸ್ವರ ಇರಲಿಲ್ಲ. ನಂಗೆ ಹೆದರಿಕೆ ಆಮೇಲೆ ಬಂತು. ಮೊದ್ಲು ರೂಢಿಯಂತೆ ಎದ್ದು ನಿಂತು ಸೆರಗು ಹೊದ್ದೆ, ಎಂತ ಬೇಕು ಒಡೆಯಾ ಅಂತ ಕೇಳಿದೆ. ಬಾಯಿ ಆಡ್ತಲೇ ಇತ್ತು. ಕತ್ತಲೆ ದಟ್ಟ ಆದ ಮೇಲೆ ಅಲ್ಲಿ ಬರೀ ಮಳೆ.

ಮಾರನೇ ದಿನವೂ ಬಂದ್ರು. ಅದರ ಮಾರನೇ ದಿನವೂ. ಅಪ್ಪನ ಕ್ರಿಯೆಗೆ ಅಂತ ಕಾರವಾರದಿಂದ ಬಂದ ಮಧುಕರ ಇನ್ನೂ ಅಲ್ಲೇ ಇದ್ದ, ನಾಲ್ಕನೇ ದಿನ ಅಡುಗೆಮನೆಗೆ ನೀರು ಕುಡಿಯೂಕೆ ಬಂದಿದ್ದ. ಬಾಗಿಲ ಕಡೆ ತಿರುಗಿದವ ಹಾಗೇ ನಿಂತುಬಿಟ್ಟ. ‘ನಿಂಗೂ ಕಾಣ್ತದಾ, ಬೊಮ್ಮಕ್ಕಾ?’ ಅಂತ ಕೇಳಿದ. ಅಷ್ಟು ವರ್ಷದಲ್ಲಿ ಅಕ್ಕಾ ಅಂದದ್ದು ಅದೇ ಮೊದ್ಲು. ಕಾಣ್ತದೆ ಅಂದೆ. ಅವ ಗೋಡೆ ಹಿಡಿದು ಕೂತ. ಅವತ್ತಿಂದ ಕುಡಿಯೂದು ಬಿಟ್ಟ. ಯಾರು ನಂಬ್ತಾರೆ? ಆದ್ರೆ ಬಿಟ್ಟದ್ದು ಹೌದು.

ಎರಡು ವರ್ಷ ಆದ ಮೇಲೆ ಅಂಕೋಲೆಯಲ್ಲಿ ಒಡೆಯರ ಪ್ರತಿಮೆ ನಿಲ್ಲಿಸಿದ್ರು. ನೀನೂ ಬಂದಿದ್ದೆ ಅಲ್ದಾ ರೂಪೇಶಾ? ಮನೆಯವರ ಸಂಗಡ ನನ್ನನ್ನೂ ಮುಂದೆ ಕೂರ್ಸಿದ್ರು. ಮಗ ಅಂತ ಮಧುಕರನಿಗೆ ಎರಡು ಮಾತು ಆಡೂಕೆ ಹೇಳಿದ್ರು. ಅವ ಎದ್ದ. ಅಪ್ಪನದೇ ಎತ್ತರ, ಅಪ್ಪನದೇ ಸ್ವರ... ಅಷ್ಟು ದಿನ ನಾ ಗಮನಿಸ್ಲೇ ಇರಲಿಲ್ಲ. ‘ಮಂಜಗುಣಿಯ ಹುಲಿಯಾ ಕುಡಿದಿರಲಿಲ್ಲ,’ ಅಂದ. ‘ಕುಡಿದಿದ್ದವ ನಾನು. ಸುಳ್ಳು ಹೇಳಿದವ ನನ್ನ ಅಪ್ಪ.’

ಅಷ್ಟರೊಳಗೆ ಮೈಕು ಕಿತ್ತುಕೊಂಡ್ರು. ಕುಡಿದು ಬಂದಿದ್ದಾನೆ, ಇಳಿಸಿ, ಇಳಿಸಿ ಅಂದ್ರು. ಹಿಂದಿನವರಿಗೆ ಸರಿಯಾಗಿ ಕೇಳಲೂ ಇಲ್ಲ, ಅವರು ನಗಾಡ್ತಿದ್ರು. ಇಷ್ಟು ವರ್ಷ ಕುಡಿದಾಗೆಲ್ಲ ಸುಮ್ಮನೆ ಬಿಟ್ಟ ಜನ, ಕುಡಿಯದ ದಿನ ಹೊಡೆದ್ರು.

ನಾ ಪೆಂಡಾಲಿನ ಹಿಂದೆ ಹೋದೆ. ಅಂಗಿ ಹರಿದುಕೊಂಡು ಮಣ್ಣಿನಲ್ಲಿ ಕೂತಿದ್ದ. ಪೂರಾ ಹೇಳು ಅಂದೆ. ಹೇಳ್ದ. ನೀರು ಏರಿದೆ, ಇವತ್ತು ಬೇಡ ಸಣ್ಣೊಡೆಯಾ ಅಂತ ಹುಲಿಯಾ ಕೈಮುಗಿದನಂತೆ. ನಾ ಯಾರ ಮಗ ಗೊತ್ತಾ ಅಂತ ಇವ ದೋಣಿ ಹತ್ತಿದ. ನಡುಹೊಳೆಯಲ್ಲಿ ಎದ್ದು ನಿಂತು ದೋಣಿ ನೂಕೂ ಜಲ್ಲೆ ಕಸಿಯೂಕೆ ಹೋದ, ದೋಣಿ ಮಗುಚಿತು. ಹುಲಿಯಾ ಇವನನ್ನ ಎರಡೂ ಕೈಯಲ್ಲಿ ಎತ್ತಿ ಮಗುಚಿದ ದೋಣಿ ಮೇಲೆ ಹಾಕಿದ. ಅವನದೇ ಕಾಲಿಗೆ ಹಗ್ಗ ಸುತ್ತಿತ್ತು. ‘ಒಡೆಯಾ, ಹಗ್ಗ...’ ಅಂದನಂತೆ. ಎರಡು ಸಲ. ಇವ ಹೆದರಿ ದೋಣಿ ಅವುಚಿಕೊಂಡಿದ್ದ, ಕೈ ಚಾಚಲಿಲ್ಲ.

ಮನೆಗೆ ಹೋಗಿ ಅಪ್ಪನ ಕಾಲು ಹಿಡಿದು, ನಾ ಪೊಲೀಸರಿಗೆ ಹೇಳ್ತೆ ಅಂದ. ಒಡೆಯರು ಮೂರು ದಿನ ಅವನನ್ನ ಕೋಣೆಯಲ್ಲಿ ಕೂಡಿ ಹಾಕಿದ್ರು. ಮಗ ಜ್ವರ ಬಂದು ಮಲಗಿದ್ದ, ದೋಣಿಯವ ಕುಡುಕ ಅಂತ ಅವರೇ ಹೇಳಿದ್ರು. ಅವರ ಮಾತಿನ ಮೇಲೆ ಮಾತು ಯಾರದ್ದು? ‘ಆಮೇಲೆ ನಿನ್ನನ್ನೇ ತಂದು ನನ್ನ ತಟ್ಟೆಗೆ ಅನ್ನ ಹಾಕಿಸಿದ ಬೊಮ್ಮಕ್ಕಾ,’ ಅಂದ. ‘ನಾ ಹೇಗೆ ಉಣ್ಣಲಿ?’

ನಂಗೆ ಅಳು ಬರಲಿಲ್ಲ. ಹುಲಿಯಾನಿಗೆ ಹಾಕಿದ ಶಾಪ ಎಲ್ಲ ಒಂದೊಂದೇ ನೆನಪಾಯ್ತು. ಎದ್ದೇಳು ಅಂದೆ. ರಿಕ್ಷಾ ಹತ್ತಿಸಿ ಈ ಮನೆಗೇ ಕರಕೊಂಡು ಬಂದೆ, ಮತ್ತೆ ಆ ಮನೆ ಮೆಟ್ಟಿಲು ಹತ್ತಲಿಲ್ಲ. ಅನ್ನ, ಬಂಗಡೆ ಸಾರು ಬಡಿಸಿದೆ. ಉಂಡ. ಬೆರಳು ಚೀಪಿ ಉಂಡ, ಅಲ್ಲೇ ಮುದುಡಿ ಮಲಗಿದ. ಕ್ಷಮಿಸಿದ್ಯಾ ಅಂತ ಕೇಳಬೇಡಿ, ನಂಗೆ ಗೊತ್ತಿಲ್ಲ. ಹಸಿದಿದ್ದ, ಬಡಿಸಿದೆ. ಮಾರನೇ ದಿನ ನೆಂಟರು ಬಂದು ಹಿಲ್ಲೂರಿನ ತಮ್ಮ ಮನೆಗೆ ಒಯ್ದ್ರು, ತಲೆ ಕೆಟ್ಟಿದೆ ಅಂತ ಅಲ್ಲಿಯೇ ಇಟ್ಟುಕೊಂಡ್ರು. ಮುಂದಿನ ದೀಪಾವಳಿಗೆ ತೀರಿಕೊಂಡ. ಸತ್ತ ಮೇಲೆ ಅವ ಯಾರಿಗೂ ಕಾಣಲಿಲ್ಲ. ಹೇಳಿ ಹೋದವ ಅಲ್ದಾ...

ಆದ್ರೆ ಅವ ಇಲ್ಲಿ ಉಂಡ ದಿನ, ಅದೇ ದೀಪ ಹಚ್ಚೂ ಹೊತ್ತಿಗೆ, ಒಡೆಯರು ಈ ಮನೆಯ ಹಿತ್ತಲಿಗೂ ಬಂದ್ರು. ಅವಾಗ ನಾ ಅಂದೆ, ಮಗ ಹೇಳಿದ್ದು ಮಗನದ್ದಾಯ್ತು, ನಿಮ್ಮದನ್ನ ನಿಮ್ಮ ಬಾಯಲ್ಲೇ ಹೇಳಿ, ಅಲ್ಲೀವರೆಗೆ ನಾ ಯಾರಿಗೂ ಹೇಳೂದಿಲ್ಲ ಅಂತ. ನಾಲ್ಕು ಮಳೆಗಾಲ ಕಾದೆ. ಇನ್ನು ಕಾಯೂಕೆ ನಂಗೆ ಆಯುಷ್ಯ ಇಲ್ಲ ಮಗಾ.”

ಹೀರಾಳ ಕೈಯಲ್ಲಿ ಸಿಗಡಿ ಹಾಗೇ ಉಳಿದಿತ್ತು. ಶಾಲೆಯಲ್ಲಿ ಕುಡುಕನ ಮಗಳು ಅನ್ನಿಸಿಕೊಂಡು ಬೆಳೆದವಳು ಅವಳು.

“ಅಪ್ಪ ಕುಡಿದಿರಲಿಲ್ವಾ ಆಯಿ?”

“ಇಲ್ಲ ಮಗಾ.”

ನೀತಾ ಕೇಳಿದಳು, ಅವರು ಈಗಲೂ ಬರುತ್ತಾರಾ ಎಂದು. ಅಜ್ಜಿ ಅವಳ ಕಡೆ ನೋಡಲಿಲ್ಲ. ಹೀರಾಳ ಹೆಗಲ ಮೇಲಿಂದ ಆಚೆ, ಹಿತ್ತಲ ಬಾಗಿಲಲ್ಲಿ ಅಜ್ಜಿಯ ಕಣ್ಣು ನಿಂತಿತ್ತು.

“ಬಂದು ಎಷ್ಟೋ ಹೊತ್ತಾಯ್ತು,” ಎಂದಳು. “ಇಷ್ಟು ವರ್ಷ ನನ್ನ ಮುಖವನ್ನೇ ನೋಡ್ತಿದ್ರು. ಇವತ್ತು ನನ್ನ ನೋಡ್ತಾ ಇಲ್ಲ... ಹೀರಾ, ನಿನ್ನ ಬೆನ್ನ ಹಿಂದೆ ಕೈ ಕಟ್ಟಿ ನಿಂತಿದ್ದಾರೆ. ನೀ ತಿರುಗೂದನ್ನೇ ಕಾಯ್ತಾ.”